ಕಾರ್ ವಾಶಲ್ಲಿ ಎತ್ತರದ ಗಾಡಿ ಮೇಲೆ ತಗುಲದೇ ಇರೋಕೆ ನಾನು ಮಾಡ್ಕೊಂಡಿರೋ ವ್ಯವಸ್ಥೆ

ಕೋಲಾರದ ಹತ್ರ ಹೈವೇ ಪಕ್ಕ ನಮ್ದು ವಾಟರ್ ಸರ್ವೀಸ್ ಇದೆ, ಒಂದು ಕಡೆ ಬ್ರಶ್ ತಿರುಗೋ ಆಟೋಮ್ಯಾಟಿಕ್ ಮಿಷಿನ್, ಇನ್ನೊಂದು ಕಡೆ ಶೀಟ್ ಶೆಡ್ಡಲ್ಲಿ ಹೈಡ್ರಾಲಿಕ್ ಲಿಫ್ಟು. ಹೊಸದಾಗಿ ವಾಶ್ ಹಾಕೋರು ಬಂದು ಪಂಪ್ ಯಾವ್ದು, ಫೋಮ್ ಯಾವ್ದು, ಬೋರಲ್ಲಿ ನೀರು ಎಷ್ಟು ಬೇಕು ಅಂತೆಲ್ಲಾ ಕೇಳ್ತಾರೆ, ಎತ್ತರದ ವಿಷಯ ಮಾತ್ರ ಯಾರೂ ಕೇಳಲ್ಲ. ಗಾಡಿ ಒಂದ್ಸಲ ಮೇಲೆ ತಗುಲ್ತು ಅಂದ್ರೆ ಕ್ಯಾರಿಯರ್ ಬಗ್ಗಿ ರೂಫ್ ಡೆಂಟ್ ಆಗೋದಷ್ಟೇ ಅಲ್ಲ, ಮಿಷಿನ್ನಿನ ಮೇಲಿನ ಬ್ರಶ್ ಶಾಫ್ಟ್ ಬೆಂಡ್ ಆದ್ರೆ ರಿಪೇರಿ ಮುಗಿಯೋವರೆಗೂ ಮಿಷಿನ್ ನಿಂತೇ ಹೋಗ್ತದೆ.

ಕಂಪನಿಯವರು ಕೊಡೋ ಹೈಟ್ ನಂಬ್ಕೊಂಡು ಕೂರೋಕಾಗಲ್ಲ. ಈಕೋ 1825 ಎಂಎಂ, ಬೊಲೆರೊ 1880, ಸ್ಕಾರ್ಪಿಯೋ ಕ್ಲಾಸಿಕ್ 1995, ಇದೆಲ್ಲಾ ಶೋರೂಮಿಂದ ಹೊರಗೆ ಬಂದಾಗಿನ ಲೆಕ್ಕ. ನಮ್ಮ ಕಡೆ ಟೊಮೇಟೊ ಸೀಸನ್ ಬಂತು ಅಂದ್ರೆ ಎಪಿಎಂಸಿಗೆ ಹೋಗೋ ಪಿಕಪ್‌ಗಳಿಗೆಲ್ಲಾ ಕ್ರೇಟ್ ಜೋಡಿಸೋಕೆ ಕಬ್ಬಿಣದ ಫ್ರೇಮ್ ಹೊಡೆಸಿರ್ತಾರೆ, ಕೋಟಿಲಿಂಗೇಶ್ವರಕ್ಕೆ ಬಂದ ಟೂರಿಸ್ಟ್ ಗಾಡಿ ಮೇಲೆ ಕ್ಯಾರಿಯರ್ರು, ಅದರ ಮೇಲೆ ಬ್ಯಾಗು, ನವೆಂಬರ್ ತಿಂಗಳಾದ್ರೆ ಬಾವುಟದ ಕಂಬ ಬೇರೆ. ಇನ್ನೊಂದು, ಲೋಡ್ ಇದ್ದಾಗ ಸ್ಪ್ರಿಂಗ್ ಪ್ಲೇಟ್ ಕೂತು ತಗ್ಗಿರೋ ಪಿಕಪ್ಪು ಮಂಡಿಯಲ್ಲಿ ಲೋಡ್ ಇಳಿಸಿ ಖಾಲಿಯಾಗಿ ಬಂದಾಗ ಎತ್ತರ ಆಗಿರ್ತದೆ. ಅದಕ್ಕೇ ಡ್ರೈವರ್ "ಏನಾಗಲ್ಲಣ್ಣ, ನಿನ್ನೆ ಬೇರೆ ಕಡೆ ಇದೇ ಗಾಡಿ ಹೋಯ್ತು" ಅಂದ್ರೂ ನಾನು ಒಪ್ಪಲ್ಲ.

ಎತ್ತರ ಇಷ್ಟೇ ಅಂತ ಬರೆದ ಬೋರ್ಡಿಂದ ಕೆಲಸ ಆಗಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬರೆಸಿದೀನಿ, ಮದನಪಲ್ಲಿ ಕಡೆಯೋರೂ ಬರ್ತಾರೆ, ಕೃಷ್ಣಗಿರಿ ಕಡೆಯೋರೂ ಬರ್ತಾರೆ, ಆದ್ರೆ ಸ್ಟೀರಿಂಗ್ ಹಿಡಿದೋನ ಕಣ್ಣು ಮುಂದೆ ಇರೋ ಗಾಡಿ ಮೇಲಿರ್ತದೆ, ಬೋರ್ಡ್ ಮೇಲೆ ಇರಲ್ಲ. ಕೆಲಸ ಮಾಡೋದು ದಾರಿಗೆ ಅಡ್ಡಲಾಗಿ ಮೇಲಿಂದ ನೇತಾಕಿದ ಬಾರ್. ನಮ್ಮ ಮಿಷಿನ್ ಒಳಗೆ ಗಾಡಿ ಹೋಗಬಹುದಾದ ಎತ್ತರ 2100 ಎಂಎಂ, ನಾನು ಬಾರನ್ನ 2050ಕ್ಕೇ ಕಟ್ಟಿಸಿದೀನಿ. ದಪ್ಪ ಪಿವಿಸಿ ಪೈಪು, ಹಳದಿ ಕಪ್ಪು ರಿಫ್ಲೆಕ್ಟರ್ ಟೇಪು, ಎರಡೂ ತುದಿಗೆ ಚೈನು, ತಗುಲಿದ್ರೆ ಟಣ್ ಅಂತ ಸದ್ದು ಬರ್ಬೇಕು, ಗಾಡಿಗೆ ಗೀರು ಬೀಳಬಾರದು. ಆಷಾಢದ ಗಾಳಿಗೆ ತೂಗಾಡ್ತಿತ್ತು, ಅದಕ್ಕೆ ಎರಡೂ ಪಕ್ಕ ಸಡಿಲವಾಗಿ ಹಗ್ಗ ಕಟ್ಟಿಸಿದೆ.

ಅದಕ್ಕಿಂತ ಮುಖ್ಯ ಬಾರ್ ಎಲ್ಲಿ ಕಟ್ತೀರಿ ಅನ್ನೋದು. ಮಿಷಿನ್ ಬಾಗ್ಲಲ್ಲೇ ಕಟ್ಟಿದ್ರೆ ಏನೂ ಉಪಯೋಗ ಇಲ್ಲ, ಅಷ್ಟೊತ್ತಿಗೆ ಹಿಂದೆ ಇನ್ನೆರಡು ಗಾಡಿ ಬಂದು ನಿಂತಿರ್ತಾವೆ, ರಿವರ್ಸ್ ತಗೊಳೋಕೆ ಜಾಗ ಇರಲ್ಲ, ಡ್ರೈವರ್ ಹೆಂಗೋ ನುಗ್ಗಿಸೇಬಿಡೋಣ ಅನ್ಕೋತಾನೆ. ನಮ್ದು ಕ್ಯೂ ಶುರುವಾಗೋ ಮುಂಚೆನೇ ಇದೆ, ಬಾರ್ ಆದ್ಮೇಲೆ ಎಡಕ್ಕೆ ತಿರುಗಿ ಹೊರಗೆ ಹೋಗೋ ದಾರಿ ಬಿಟ್ಟಿದೀನಿ. ಮತ್ತೆ ಬಾರ್ ಕೆಳಗಿನ ನೆಲ ಮಟ್ಟವಾಗಿರ್ಬೇಕು. ಇಳಿಜಾರಲ್ಲಿ ಕಟ್ಟಿದ್ರೆ ಮುಂದಿನ ಚಕ್ರ ಕೆಳಗೆ, ಹಿಂದಿನ ಚಕ್ರ ಮೇಲೆ ಇದ್ದಾಗ ಅಳತೆನೇ ತಪ್ಪಾಗಿ ಸಿಗ್ತದೆ, ಉದ್ದನೆ ಗಾಡಿಗಂತೂ ತುಂಬಾ ವ್ಯತ್ಯಾಸ ಬರ್ತದೆ. ಮಿಷಿನ್ ಒಳಗೆ ಹೊಸದಾಗಿ ಕಾಂಕ್ರೀಟ್ ಹಾಕಿದ್ರೂ ಟೇಪ್ ಹಿಡಿದು ಮತ್ತೆ ಅಳೀಬೇಕು, ನೆಲ ಎರಡಿಂಚು ಏರಿದ್ರೆ ಮೇಲೆ ಎರಡಿಂಚು ಹೋಯ್ತು ಅಂತಾನೇ ಲೆಕ್ಕ.

ಬಾರ್ ಜೊತೆಗೆ ಒಂದು ಫೋಟೋ ಸೆನ್ಸಾರ್ (ಒಂದು ಕಡೆಯಿಂದ ಬೆಳಕಿನ ಕಿರಣ ಬಿಡ್ತದೆ, ಎದುರಿಗಿರೋ ರಿಸೀವರ್ ಅದನ್ನ ಹಿಡೀತದೆ) ಹಾಕ್ಸಿ ಅದನ್ನ ಮಿಷಿನ್ ಸ್ಟಾರ್ಟಿಗೇ ಕನೆಕ್ಟ್ ಮಾಡ್ಸಿದೆ, ಕಿರಣಕ್ಕೆ ಏನಾದ್ರೂ ಅಡ್ಡ ಬಂದ್ರೆ ಸೈರನ್ ಹೊಡೀತದೆ, ಹುಡುಗ ಬಂದು ನೋಡಿ ರೀಸೆಟ್ ಮಾಡೋವರೆಗೂ ಮಿಷಿನ್ ಸ್ಟಾರ್ಟ್ ಆಗಲ್ಲ. ಸಂಜೆ ಬಿಸಿಲು ರಿಸೀವರ್ ಕಣ್ಣಿಗೇ ಹೊಡೀದಂಗೆ ಅದನ್ನ ಪೂರ್ವಕ್ಕೆ ಮುಖ ಮಾಡಿ ಕೂರಿಸ್ಬೇಕು. ನೀರಿನ ತುಂತುರಿಗೆಲ್ಲಾ ಕೂಗ್ತಾ ಇದ್ರೆ ಹುಡುಗರು ಬೇಸತ್ತು ವೈರ್ ಕಿತ್ತಾಕ್ತಾರೆ, ಅದಕ್ಕೆ ಸ್ವಲ್ಪ ಟೈಮ್ ಡಿಲೇ ಇಡಿಸಿ, ದಿನಾ ಬೆಳಿಗ್ಗೆ ಲೆನ್ಸ್ ಒರೆಸಿ.

ಲಿಫ್ಟ್ ಕಡೆ ಅಪಾಯ ಬೇರೆ ಥರ. ಲಿಫ್ಟ್ ಐದಡಿ ಅಂದ್ರೆ ಸುಮಾರು 1500 ಎಂಎಂ ಎತ್ತುತ್ತೆ, ಸ್ಕಾರ್ಪಿಯೋ ಕ್ಲಾಸಿಕ್ 1995 ಸೇರಿಸಿ, 3495 ಆಯ್ತು. 12 ಅಡಿ ಶೆಡ್ ಅಂದ್ರೆ 3658. ಉಳಿದಿದ್ದು ಆರಿಂಚು ಚಿಲ್ಲರೆ, ಪ್ಲಾಟ್‌ಫಾರಂ ದಪ್ಪ, ಕ್ಯಾರಿಯರ್ರು, ಟ್ಯೂಬ್‌ಲೈಟು ಯಾವ್ದೂ ಇದರಲ್ಲಿ ಸೇರಿಲ್ಲ! ಹಂಗಾಗಿ ಲಿಫ್ಟ್ ಮೇಲಿನ ಭಾಗ 15 ಅಡಿಗೆ ಎತ್ತರಿಸಿ ಕಟ್ಟಿಸಿದೆ, ಲೈಟೆಲ್ಲಾ ಗೋಡೆಗೆ ಹಾಕ್ಸಿದೆ, ಬೀಮಿಗಿಂತ ಅರ್ಧ ಅಡಿ ಕೆಳಗೆ ಅಡ್ಡಲಾಗಿ ಒಂದು ವೈರ್ ಎಳೆಸಿ ಲಿಮಿಟ್ ಸ್ವಿಚ್ಚಿಗೆ ಕೊಡಿಸಿದೀನಿ, ಗಾಡಿ ವೈರಿಗೆ ತಗುಲಿದ್ರೆ ಮೋಟ್ರು ಕಟ್. ಡಿಕ್ಕಿ, ಬಾನೆಟ್ ತೆಗೆದಿದ್ರೆ ಲಿಫ್ಟ್ ಎತ್ತಂಗಿಲ್ಲ, ಇದರಲ್ಲಿ ಎರಡನೇ ಮಾತಿಲ್ಲ.

ನರಸಾಪುರ ಕಂಪನಿಗಳಿಗೆ ಜನ ಕರ್ಕೊಂಡು ಹೋಗೋ ಟೆಂಪೋ ಟ್ರಾವೆಲರ್‌ಗಳು ಎಂಟಡಿ ಮೇಲೇ ಇರ್ತಾವೆ. ಅವಕ್ಕೆ ಬಯಲಲ್ಲೇ ಒಂದು ಪ್ಲಾಟ್‌ಫಾರಂ ಹಾಕಿ ಪ್ರೆಶರ್ ಗನ್ನಲ್ಲಿ ಕೈಯಲ್ಲೇ ತೊಳೆದು ಕೊಡ್ತೀವಿ. ಇದು ಬೇಕೇ ಬೇಕು, ಯಾಕಂದ್ರೆ ಎತ್ತರದ ಗಾಡಿಯೋನಿಗೆ ಬರೀ ಆಗಲ್ಲ ಅಂದ್ರೆ ಜಗಳಕ್ಕೆ ಬರ್ತಾನೆ, ಆ ಕಡೆ ಹೋಗಿ ಅಣ್ಣ, ಅಲ್ಲಿ ಮಾಡಿಕೊಡ್ತೀವಿ ಅಂದ್ರೆ ಸುಮ್ನೆ ಹೋಗ್ತಾನೆ. ಆಯುಧಪೂಜೆ ಹಿಂದಿನ ದಿನ ಮಾತ್ರ ಎಷ್ಟೇ ರಶ್ ಇದ್ರೂ ಅನುಭವ ಇರೋ ಹುಡುಗನನ್ನೇ ಬಾರ್ ಹತ್ರ ನಿಲ್ಲಿಸ್ತೀನಿ, ಅವತ್ತು ಅವನಿಗೆ ತೊಳೆಯೋ ಕೆಲಸ ಕೊಡಲ್ಲ, ಗಾಡಿ ತಲೆ ನೋಡೋದೇ ಕೆಲಸ.