ರೆಕ್ಕೆಯ ತಿರುಚು: ಫೋಮ್ ವಿಮಾನ ಕಟ್ಟಿದ ನನ್ನ ಅನುಭವ

ಆರು ಮಿಲಿಮೀಟರ್. ರಿಮೋಟಿನಲ್ಲಿ ಹಾರಿಸುವ ನನ್ನ ಎರಡನೇ ಪುಟ್ಟ ವಿಮಾನ ಗದ್ದೆಯ ಮಣ್ಣಿಗೆ ಮೂಗು ಚುಚ್ಚಿಕೊಂಡು ಬಿದ್ದಿದ್ದಕ್ಕೆ ಕಾರಣ ಅಷ್ಟೇ. ಮೋಟಾರ್ ಸರಿಯಿತ್ತು, ಬ್ಯಾಟರಿ ತುಂಬಿತ್ತು, ಗಾಳಿ ಇರಲಿಲ್ಲ. ಎಡ ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚು ಆರು ಮಿಲಿಮೀಟರ್ ಕೆಳಗೆ ಇಳಿದಿತ್ತು. ಅದು ಕಣ್ಣಿಗೆ ಬೀಳೋದಕ್ಕೆ ನನಗೆ ಒಂದು ವಾರ ಬೇಕಾಯಿತು.

ನಾನು ದಾವಣಗೆರೆಯವನು. ಭತ್ತ ಕೊಯ್ದ ಮೇಲೆ ಗದ್ದೆಗಳು ಖಾಲಿಯಾಗುತ್ತವೆ, ನೆಲ ಮೆತ್ತಗಿರುತ್ತದೆ. ವಿಮಾನ ಇಳಿಸೋದಕ್ಕೂ ಬೀಳಿಸೋದಕ್ಕೂ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹೊಸ ಜಾಗಕ್ಕೆ ಹೋಗುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದು ಹಸಿರು ವಲಯವಾ, ಅಂದರೆ ಮುಂಚೆ ಅನುಮತಿ ಕೇಳದೆ 400 ಅಡಿವರೆಗೆ ಹಾರಿಸಬಹುದಾದ ಜಾಗವಾ ಅಂತ ನೋಡಿಕೊಳ್ಳುತ್ತೇನೆ. 400 ಅಡಿಗಿಂತ ಮೇಲೆ ಹೋಗುವ ಆಸೆ ನನಗಿಲ್ಲ, ಅಲ್ಲಿಗೆ ಹೋದರೆ ನನ್ನ ವಿಮಾನ ನನಗೇ ಕಾಣುವುದಿಲ್ಲ.

ಮೊದಲ ರೆಕ್ಕೆಯ ಕಥೆ ಬೇಗ ಮುಗಿಯುತ್ತದೆ. ಅಂಗಡಿಗೆ ಹೋಗಿ ಸನ್‌ಬೋರ್ಡ್ ಕೊಡಿ ಅಂದೆ. ಕೊಟ್ಟಿದ್ದು ಪಿವಿಸಿ ಹಾಳೆ, ಬೋರ್ಡು ಬರೆಸೋದಕ್ಕೆ ಬಳಸುತ್ತಾರಲ್ಲ, ಅದು. ನಮ್ಮೂರಲ್ಲಿ ಅದಕ್ಕೂ ಸನ್‌ಬೋರ್ಡ್ ಅಂತಾರೆ, ಎರಡು ಕಾಗದದ ನಡುವೆ ಫೋಮ್ ಇರುವ ಹಗುರ ಹಾಳೆಗೂ ಅದೇ ಹೆಸರು. ಗೊತ್ತಿಲ್ಲದೆ 3 ಮಿ.ಮೀ. ಪಿವಿಸಿಯಲ್ಲೇ 1200 ಮಿ.ಮೀ. ಉದ್ದ, 200 ಮಿ.ಮೀ. ಅಗಲದ ಚಪ್ಪಟೆ ರೆಕ್ಕೆ ಕತ್ತರಿಸಿದೆ. ರೆಕ್ಕೆಯೊಂದೇ 400 ಗ್ರಾಂ, ಇಡೀ ವಿಮಾನ 900 ಗ್ರಾಂ. ಹಾರಿತು, ನಿಜ. ಆದರೆ ಕಲ್ಲು ಬೀಸಿ ಒಗೆದ ಹಾಗೆ ಹಾರಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ರೆಕ್ಕೆಯ ವಿಸ್ತೀರ್ಣ 24 ಚದರ ಡೆಸಿಮೀಟರ್. 900 ಗ್ರಾಂ ಅಂದರೆ ಪ್ರತಿ ಚದರ ಡೆಸಿಮೀಟರ್ ಮೇಲೆ 37 ಗ್ರಾಮಿಗೂ ಜಾಸ್ತಿ ಭಾರ. ಮೇಲಾಗಿ ಚಪ್ಪಟೆ ಹಾಳೆ ಬೇಗ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಅಂಟಿಕೊಂಡು ಹರಿಯಬೇಕಾದ ಗಾಳಿ ಬಿಟ್ಟುಹೋಗುತ್ತದೆ. ನನ್ನ ಲೆಕ್ಕಕ್ಕೆ ಆ ವಿಮಾನ ಗಂಟೆಗೆ ಸುಮಾರು 34 ಕಿ.ಮೀ.ಗಿಂತ ನಿಧಾನವಾದರೆ ಬೀಳಬೇಕು. ಅದೇ ವಿಸ್ತೀರ್ಣಕ್ಕೆ ಸರಿಯಾದ ಉಬ್ಬು ಕೊಟ್ಟು, ಒಟ್ಟು ತೂಕವನ್ನು 720 ಗ್ರಾಮಿಗೆ ಇಳಿಸಿದರೆ 26 ಕಿ.ಮೀ. ಈ ಎಂಟು ಕಿ.ಮೀ. ಹೊಸಬನ ಕೈಯಲ್ಲಿ ಎಷ್ಟು ದೊಡ್ಡ ವ್ಯತ್ಯಾಸ ಅನ್ನೋದು ಇಳಿಸಿದವರಿಗೇ ಗೊತ್ತು.

ಹಾಗಾಗಿ ಎರಡನೇ ರೆಕ್ಕೆ ತರ್ಮಾಕೋಲ್‌ನಲ್ಲಿ. ರೆಕ್ಕೆಯನ್ನು ಅಡ್ಡ ಕೊಯ್ದರೆ ಕಾಣುವ ಆಕಾರಕ್ಕೆ ಕ್ಲಾರ್ಕ್ ವೈ ಅನ್ನುವ ನಮೂನೆ ಆರಿಸಿದೆ. 1922ರದ್ದು, ನೂರು ವರ್ಷ ದಾಟಿದ ಆಕಾರ. ದಪ್ಪ ಅಗಲದ 11.7%, ಕೆಳಬದಿ ಹೆಚ್ಚುಕಡಿಮೆ ಸಪಾಟು. ಸಪಾಟಾದ್ದರಿಂದ ಮೇಜಿನ ಮೇಲೆ ಇಟ್ಟು ಕೆಲಸ ಮಾಡಬಹುದು. ಅದಕ್ಕೇ ಆರಿಸಿದ್ದು, ಬೇರೆ ಘನವಾದ ಕಾರಣ ಏನಿಲ್ಲ.

ಕತ್ತರಿಸೋದಕ್ಕೆ ಬಿಸಿ ತಂತಿಯ ಬಿಲ್ಲು ಮಾಡಿಕೊಂಡೆ. ಮರದ ಪಟ್ಟಿ, ತುದಿಯಿಂದ ತುದಿಗೆ ಬಿಗಿಯಾಗಿ ಎಳೆದ ನೈಕ್ರೋಮ್ ತಂತಿ, 12 ವೋಲ್ಟಿನ ಪವರ್ ಸಪ್ಲೈ. ಬಡಗಿಯ ಹತ್ತಿರ ಸನ್‌ಮೈಕಾ ಚೂರು ಕೇಳಿ ತಂದು ಕ್ಲಾರ್ಕ್ ವೈ ಆಕಾರದ ಎರಡು ಅಚ್ಚು ಕೊಯ್ದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿದೆ. ಬ್ಲಾಕಿನ ಎರಡು ತುದಿಗೆ ಒಂದೊಂದು ಅಚ್ಚು ಕೂರಿಸಿ, ಆ ಅಂಚುಗಳ ಮೇಲೆ ತಂತಿ ಜಾರಿಸಿಕೊಂಡು ಹೋಗಬೇಕು. ಅಂಚಿನಲ್ಲಿ ಚೂರು ಗೀರಿದ್ದರೂ ತಂತಿ ಅಲ್ಲಿ ನಿಂತುಬಿಡುತ್ತದೆ, ನಿಂತಲ್ಲಿ ತರ್ಮಾಕೋಲ್ ಕರಗಿ ಹಳ್ಳ ಬೀಳುತ್ತದೆ.

ಒಬ್ಬರಿಂದ ಆಗುವ ಕೆಲಸ ಅಲ್ಲ ಇದು. ಬಿಲ್ಲಿನ ಆ ತುದಿಗೆ ಅಕ್ಕನ ಮಗನನ್ನು ನಿಲ್ಲಿಸಿದೆ. ಅಚ್ಚಿನ ಮೇಲೆ ಒಂದರಿಂದ ಹತ್ತರವರೆಗೆ ಗುರುತು ಹಾಕಿದ್ದೆವು. ನಾನು ಎಣಿಸುತ್ತಾ ಹೋಗಬೇಕು, ಇಬ್ಬರೂ ಒಂದೇ ಹೊತ್ತಿಗೆ ಅದೇ ಗುರುತಿಗೆ ಬರಬೇಕು. ಅವನು ಐದಕ್ಕೇ ಏಳಕ್ಕೆ ಹೋಗಿಬಿಡುತ್ತಿದ್ದ. ಇನ್ನೊಂದು ತೊಂದರೆ, ತುದಿಗಳು ಮುಂದೆ ಹೋದರೂ ತಂತಿಯ ನಡುಭಾಗ ಹಿಂದೆ ಉಳಿಯುತ್ತದೆ. ಅವಸರ ಮಾಡಿದರೆ ತುದಿಗಳಲ್ಲಿ ಕ್ಲಾರ್ಕ್ ವೈ, ನಡುವೆ ಇನ್ನೇನೋ. ತಂತಿ ತನ್ನಷ್ಟಕ್ಕೆ ಜಾರಬೇಕು, ನಾವು ಎಳೆಯಬಾರದು. ಮೂರು ಬ್ಲಾಕ್ ಹಾಳಾದ ಮೇಲೆ ಎರಡು ಒಳ್ಳೆಯ ಅರ್ಧ ರೆಕ್ಕೆಗಳು ಸಿಕ್ಕವು. ಇದನ್ನೆಲ್ಲ ತಾರಸಿ ಮೇಲೆ ಮಾಡಿದೆವು, ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಕುಡಿಯಬಾರದು.

ಎರಡೂ ಸೇರಿ 60 ಗ್ರಾಂ. ಕೈಯಲ್ಲಿ ಹಿಡಿದರೆ ಏನೂ ಹಿಡಿದ ಹಾಗೇ ಇಲ್ಲ! ಆದರೆ ಬರೀ ತರ್ಮಾಕೋಲ್ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಅದಕ್ಕೆ ಕಾರ್ಬನ್ ಕೊಳವೆ ಕೂರಿಸಿ, ಮೇಲೆ ಕೆಳಗೆ ಕಂದು ಕಾಗದ ಹೊದಿಸಿದೆ. ಸೂಪರ್ ಗ್ಲೂ ತರ್ಮಾಕೋಲನ್ನು ತಿಂದುಹಾಕುತ್ತದೆ, ಹಾಗಾಗಿ ಮರಗೆಲಸದ ಬಿಳಿ ಅಂಟಿಗೆ ನೀರು ಬೆರೆಸಿ ಬಳಿದೆ. ರಾತ್ರಿ ಗೋಡೆಗೆ ಒರಗಿಸಿಟ್ಟು ಮಲಗಿದೆ.

ತಪ್ಪಾಗಿದ್ದು ಇಲ್ಲೇ. ಒದ್ದೆ ಕಾಗದ ಒಣಗುವಾಗ ಬಿಗಿಯುತ್ತದೆ. ಎರಡು ಬದಿಯೂ ಒಂದೇ ಸಮ ಒಣಗಿದರೆ ಸರಿ. ಒಂದು ಬದಿಗೆ ಫ್ಯಾನಿನ ಗಾಳಿ, ಇನ್ನೊಂದು ಬದಿಗೆ ಗೋಡೆ ಅಂದರೆ ರೆಕ್ಕೆ ತಿರುಚಿಕೊಳ್ಳದೆ ಇನ್ನೇನು ಮಾಡುತ್ತದೆ? ಬ್ಲಾಕಿನಿಂದ ರೆಕ್ಕೆ ಕೊಯ್ದಾಗ ಮೇಲೆ ಕೆಳಗೆ ಎರಡು ಸಿಪ್ಪೆ ಉಳಿಯುತ್ತವಲ್ಲ, ಅವು ರೆಕ್ಕೆಗೆ ಹೇಳಿ ಮಾಡಿಸಿದ ತೊಟ್ಟಿಲು. ಅಂಟು ಬಳಿದ ರೆಕ್ಕೆಯನ್ನು ಅದರೊಳಗೆ ಮಲಗಿಸಿ ಮೇಲೆ ಭಾರ ಹೇರಿದರೆ ಅದು ನೇರವಾಗೇ ಒಣಗುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಹಬ್ಬ ಹತ್ತಿರ ಇತ್ತು, ಬೀದಿ ಹುಡುಗರು ಬಂದು ಕೇಳಿದರು, ಸಿಪ್ಪೆಗಳೆಲ್ಲ ಗಣಪತಿ ಮಂಟಪ ಸೇರಿದ್ದವು.

ಡಿಸೆಂಬರಿನಲ್ಲಿ ಹಾರಿಸಿದೆ. ಮೇಲೇರಿದ ಕೂಡಲೇ ಸ್ವಲ್ಪ ಬಲಕ್ಕೆ ವಾಲತೊಡಗಿತು. ರಿಮೋಟಿನಲ್ಲಿ ಎಡಕ್ಕೆ ನಾಲ್ಕು ಟಿಕ್ ಟ್ರಿಮ್ ಕೊಟ್ಟೆ, ಅಂದರೆ ಕಡ್ಡಿ ಮುಟ್ಟದಿದ್ದರೂ ಸ್ವಲ್ಪ ಎಡಕ್ಕೆ ತಿರುಗಿಸಿಯೇ ಇಡುವ ಹೊಂದಾಣಿಕೆ, ನೇರವಾಯಿತು. ಹತ್ತು ನಿಮಿಷ ಎಷ್ಟು ಚೆನ್ನಾಗಿ ಹಾರಿತು ಅಂದರೆ, ಕ್ಲಾರ್ಕ್ ವೈ ಬಗ್ಗೆ ಅಕ್ಕನ ಮಗನಿಗೆ ಒಂದು ಭಾಷಣವನ್ನೇ ಬಿಗಿದೆ. ಆಮೇಲೆ ಇಳಿಸೋಣ ಅಂತ ಥ್ರಾಟಲ್, ಅಂದರೆ ಮೋಟಾರಿನ ವೇಗ, ತಗ್ಗಿಸಿದೆ. ನಿಧಾನವಾಯಿತು, ಮೂಗು ಎತ್ತೋದಕ್ಕೆ ಬಾಲದ ಎಲಿವೇಟರ್ ಪಟ್ಟಿ ಎಳೆದೆ. ಎರಡಾಳೆತ್ತರದಲ್ಲಿ ಎಡ ರೆಕ್ಕೆ ತಟ್ಟನೆ ಕುಸಿಯಿತು. ಬಲಕ್ಕೆ ಏಲಿರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಪಟ್ಟಿ) ಕೊಟ್ಟೆ, ಇನ್ನೂ ಜೋರಾಗಿ ಎಡಕ್ಕೆ ಮಗುಚಿತು.

"ಮಾಮಾ, ಮೇಲಿದ್ದಾಗ ಬಲಕ್ಕೆ ಎಳೀತಿತ್ತು, ಬೀಳೋವಾಗ ಎಡಕ್ಕೆ ಬಿತ್ತಲ್ಲ, ಯಾಕೆ?" ಅಂದ.

ಒಳ್ಳೆ ಪ್ರಶ್ನೆ. ಉತ್ತರ ಗೊತ್ತಾಗಿದ್ದು ಒಂದು ವಾರ ಬಿಟ್ಟು, ರೆಕ್ಕೆಯನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟಾಗ. ಮುರಿದಿದ್ದು ನಡುವಿನ ಜೋಡಣೆ ಮಾತ್ರ, ಅರ್ಧ ರೆಕ್ಕೆಗಳು ಹಾಗೇ ಉಳಿದಿದ್ದವು. ಬಲದ್ದು ಕಟ್ಟೆಗೆ ಅಂಟಿ ಕೂತಿತು. ಎಡದ್ದು ತುದಿಯಲ್ಲಿ ಹಿಂದಿನ ಅಂಚಿನ ಮೇಲೆ ನಿಂತು, ಮುಂದಿನ ಅಂಚು ಎದ್ದಿತ್ತು. ಅಳೆದರೆ ಆರು ಮಿಲಿಮೀಟರ್. 200 ಮಿ.ಮೀ. ಅಗಲಕ್ಕೆ ಅದು ಹತ್ತಿರಹತ್ತಿರ ಎರಡು ಡಿಗ್ರಿ. ಎಡ ತುದಿ ಗಾಳಿಗೆ ಎರಡು ಡಿಗ್ರಿ ಜಾಸ್ತಿ ಮುಖ ಎತ್ತಿತ್ತು. ವೇಗ ಇದ್ದಾಗ ಎಡಗಡೆ ಜಾಸ್ತಿ ಎತ್ತುತ್ತದೆ, ವಿಮಾನ ಬಲಕ್ಕೆ ವಾಲುತ್ತದೆ. ನಿಧಾನವಾದಾಗ ಅದೇ ತುದಿ ಎಲ್ಲಕ್ಕಿಂತ ಮೊದಲು ಸ್ಟಾಲ್ ಆಗುತ್ತದೆ. ನಾನು ಬಲಕ್ಕೆ ಏಲಿರಾನ್ ಕೊಟ್ಟಾಗ ಎಡಗಡೆಯ ಏಲಿರಾನ್ ಕೆಳಗಿಳಿದು, ಮೊದಲೇ ಸೋತಿದ್ದ ತುದಿಯ ಮೇಲೆ ಇನ್ನಷ್ಟು ಹೊರೆ ಹಾಕಿತು. ಟ್ರಿಮ್ ಆ ದೋಷವನ್ನು ಸರಿ ಮಾಡಿರಲಿಲ್ಲ, ಮುಚ್ಚಿಟ್ಟಿತ್ತು. ಈಗ ಯಾವ ವಿಮಾನಕ್ಕಾದರೂ ಮೂರು ಟಿಕ್‌ಗಿಂತ ಜಾಸ್ತಿ ಟ್ರಿಮ್ ಬೇಕಾಯಿತು ಅಂದರೆ ಇಳಿಸಿ ರೆಕ್ಕೆ ಅಳೆಯುತ್ತೇನೆ.

ಬೇಕಂತಲೇ ಕೊಡುವ ತಿರುಚೂ ಒಂದಿದೆ. ಎರಡೂ ತುದಿಗಳಲ್ಲಿ ಹಿಂದಿನ ಅಂಚನ್ನು ಸಮನಾಗಿ ಎತ್ತಿದರೆ ತುದಿಗಳು ಕೊನೆಗೆ ಸ್ಟಾಲ್ ಆಗುತ್ತವೆ. ಇದಕ್ಕೆ ವಾಶ್‌ಔಟ್ ಅಂತಾರೆ. ತುದಿ ಕಿರಿದಾಗುವ ರೆಕ್ಕೆಗಳಿಗೆ ಅದು ಬೇಕು. ನನ್ನದು ಆಯತಾಕಾರ, ಅದು ಹೇಗೂ ಬುಡದಿಂದಲೇ ಸ್ಟಾಲ್ ಆಗುತ್ತದೆ. ಹಾಗಾಗಿ ಆ ಗೋಜಿಗೆ ಹೋಗಿಲ್ಲ.

ಮೂರನೇ ರೆಕ್ಕೆಯನ್ನು ಕಟ್ಟಿದ್ದು ಆ ಗ್ರಾನೈಟ್ ಕಟ್ಟೆಯ ಮೇಲೇ. ಮನೆಯಲ್ಲಿ ಅಷ್ಟು ಸಪಾಟಾದ ಜಾಗ ಬೇರೆ ಇಲ್ಲ. "ರಾತ್ರಿ ಪಾತ್ರೆ ಎತ್ತಿಟ್ಟ ಮೇಲೆ ನಿನ್ನದು, ಬೆಳಿಗ್ಗೆ ಆರಕ್ಕೆ ನನ್ನದು" ಅಂತ ಅಮ್ಮ ಷರತ್ತು ಹಾಕಿದರು. ಈ ಸಲ 5 ಮಿ.ಮೀ. ಫೋಮ್ ಬೋರ್ಡ್, ಕಾಗದದ್ದು. ಒಳಬದಿಯ ಕಾಗದವನ್ನು ಒದ್ದೆ ಮಾಡಿ ಸುಲಿದೆ, ತೂಕ ಇಳಿಯಿತು. ಹಾಳೆಯನ್ನು ಮೇಜಿನ ಅಂಚಿನ ಮೇಲೆ ಎಳೆದು ಎಳೆದು ಬಾಗಿಸಿ, ಮುಂದಿನ ಅಂಚಿನ ಗೆರೆಯಲ್ಲಿ ಪುಸ್ತಕದ ರಟ್ಟಿನ ಹಾಗೆ ಮಡಿಚಬೇಕು. ಒಳಗೆ, ಮುಂದಿನ ಅಂಚಿನಿಂದ ಅಗಲದ ಶೇ. 30ರ ಹತ್ತಿರ, ಫೋಮಿನದೇ ಎರಡು ಪಟ್ಟಿಗಳ ಸ್ಪಾರ್, ಅಂದರೆ ರೆಕ್ಕೆಯ ಬೆನ್ನೆಲುಬು. ಮೇಲಿನ, ಕೆಳಗಿನ ಹಾಳೆ ಸೇರಿ ಒಟ್ಟು ನಾಲ್ಕು ಪದರ, 20 ಮಿ.ಮೀ. ದಪ್ಪ, ಅಂದರೆ ಅಗಲದ 10%. ಮೇಲಿನ ಹಾಳೆ ಸ್ಪಾರ್ ಮೇಲೆ ಹಾಯ್ದು ಹಿಂದಿನ ಅಂಚಿಗೆ ಇಳಿಯುವಾಗ ತಾನಾಗೇ ಉಬ್ಬು ಬರುತ್ತದೆ. ಕ್ಲಾರ್ಕ್ ವೈ ಅಲ್ಲ, ಅದರ ದೂರದ ನೆಂಟ ಅನ್ನಬಹುದು.

ಹಿಂದಿನ ಅಂಚನ್ನು ಅಂಟಿಸುವಾಗ ಹಾಟ್ ಗ್ಲೂ ಬೇಡ. ಉದ್ದದ ರೆಕ್ಕೆಯಲ್ಲಿ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಹಿಂದೆ ಹಾಕಿದ್ದು ಗಟ್ಟಿಯಾಗಿರುತ್ತದೆ. ಆ ಹೊತ್ತಿಗೆ ರೆಕ್ಕೆ ಹೇಗಿತ್ತೋ ಹಾಗೇ ಉಳಿಯಿತು, ಸೊಟ್ಟ ಇದ್ದರೆ ಸೊಟ್ಟ. ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟನ್ನು ಹಳೇ ಎಟಿಎಂ ಕಾರ್ಡಿನಲ್ಲಿ ತೆಳ್ಳಗೆ ಸವರಿ, ಕಟ್ಟೆಗೆ ಒತ್ತಿ, ಮೇಲೆ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರ ಮೇಲೆ ಅಕ್ಕಿ ಡಬ್ಬಿಗಳನ್ನು ಸಾಲಾಗಿ ಹೇರಿದೆ. ಬೆಳಿಗ್ಗೆ ಅಮ್ಮ ಏಳುವ ಮುಂಚೆ ತೆಗೆದೆ. ನಡುವೆ ಜೋಡಿಸುವಾಗ, ವಾಲಿದ ವಿಮಾನ ತಾನೇ ನೇರವಾಗಲಿ ಅಂತ, ಪ್ರತಿ ತುದಿಗೂ 25 ಮಿ.ಮೀ. ಎತ್ತರ ಕೊಟ್ಟೆ. ಏಲಿರಾನ್ ಇರುವ ವಿಮಾನಕ್ಕೆ ಅಷ್ಟು ಸಾಕು. ರೆಕ್ಕೆ 210 ಗ್ರಾಂ ಬಂತು, ವಿಮಾನ 720. ಮುಂದಿನ ಅಂಚಿನಿಂದ 55 ಮಿ.ಮೀ. ಹಿಂದೆ ಎರಡು ಬೆರಳಿಟ್ಟು ಎತ್ತಿದರೆ ಸಮ ನಿಲ್ಲುವ ಹಾಗೆ ಬ್ಯಾಟರಿ ಸರಿಸಿದೆ. ರೆಕ್ಕೆಯನ್ನು ಸ್ಕ್ರೂ ಹಾಕಿ ಬಿಗಿಯಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿದೆ. ಬಿದ್ದರೆ ಕಳಚಿಕೊಳ್ಳಲಿ ಅಂತ.

ಅಕ್ಕನ ಮಗನಿಗೆ ಇಷ್ಟೆಲ್ಲ ತಾಳ್ಮೆ ಇಲ್ಲ. ಅವನು ಮೆಟ್ಟಿಲು ರೆಕ್ಕೆ ಕಟ್ಟಿದ. ಕ್ಲೈನ್ ಮತ್ತು ಫೋಗಲ್‌ಮನ್ ಅನ್ನುವ ಇಬ್ಬರು ಅಮೆರಿಕನ್ನರು ಕಾಗದದ ವಿಮಾನದಿಂದ ಕಂಡುಕೊಂಡು 1972ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಅವನು ಕಟ್ಟಿದ ಬಗೆಯಲ್ಲಿ ಕೆಳಗೆ ಪೂರ್ತಿ ಅಗಲದ ಹಾಳೆ, ಮೇಲೆ ಮುಂದಿನ ಅರ್ಧಕ್ಕೆ ಮಾತ್ರ ಇನ್ನೊಂದು ಹಾಳೆ, ನಡುವೆ ಮೆಟ್ಟಿಲು. ಮೆಟ್ಟಿಲ ಹಿಂದೆ ಗಾಳಿ ಸುಳಿ ಸುತ್ತಿ ರೆಕ್ಕೆಗೆ ತಾನೇ ಆಕಾರ ಕೊಡುತ್ತದೆ ಅಂತ ಅದನ್ನು ಹೊಗಳುವವರಿದ್ದಾರೆ. ವಿಂಡ್ ಟನಲ್ ಪರೀಕ್ಷೆಗಳು ಅಷ್ಟೇನೂ ಹೊಗಳಲಿಲ್ಲ. ನನ್ನ ಕಣ್ಣಿಗೂ ಮೋಟಾರ್ ನಿಲ್ಲಿಸಿದರೆ ಅದು ತೇಲುವುದು ಕಡಿಮೆ. ಆದರೆ ಕಟ್ಟೆಯ ಮೇಲೆ ಸಪಾಟು ಹಾಳೆಗೆ ಸಪಾಟು ಹಾಳೆ ಅಂಟಿಸಿದ್ದು, ತಿರುಚು ಬರೋದಕ್ಕೆ ದಾರಿಯೇ ಇಲ್ಲ. ಒಂದು ಗಂಟೆಯಲ್ಲಿ ಕಟ್ಟಿದ್ದು ಮೊದಲ ದಿನವೇ ಟ್ರಿಮ್ ಇಲ್ಲದೆ ಹಾರಿತು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಏಪ್ರಿಲ್‌ನಲ್ಲಿ ನನ್ನ ಮಡಿಚಿದ ರೆಕ್ಕೆಯೂ ತಿರುಚಿಕೊಂಡಿತು. ಮಧ್ಯಾಹ್ನದ ಬಿಸಿಲಲ್ಲಿ ಕಾರಿನ ಹಿಂದಿನ ಗಾಜಿನ ಕೆಳಗೆ, ಚೀಲಕ್ಕೆ ಒರಗಿಸಿಟ್ಟಿದ್ದೆ. ನಾಲ್ಕು ಮಿಲಿಮೀಟರ್. ಕಟ್ಟೆಯ ಮೇಲೆ ಎದುರು ದಿಕ್ಕಿಗೆ ತಿರುವಿ ಹಿಡಿದು, ಹೆಂಡತಿಯ ಹೇರ್ ಡ್ರೈಯರ್‌ನಿಂದ ಮೆಲ್ಲಗೆ ಕಾಯಿಸಿ, ಆರುವವರೆಗೂ ಹಾಗೇ ಹಿಡಿದು ಕೂತೆ. ಮೂರು ಸಲ ಮಾಡಿದ ಮೇಲೆ ಒಂದು ಮಿಲಿಮೀಟರ್‌ಗೆ ಬಂತು. ಅದನ್ನು ಬಿಟ್ಟುಬಿಟ್ಟೆ.

ಆಮೇಲೆ ತರ್ಮಾಕೋಲ್ ರೆಕ್ಕೆ ಇನ್ನೊಂದು ಕೊಯ್ದೆ. ಈ ಸಲ ಸಿಪ್ಪೆಗಳ ಮೇಲೆ ಎಡ, ಬಲ, ಮೇಲೆ, ಕೆಳಗೆ ಅಂತ ಬರೆದು, ಹಗ್ಗ ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ. ಹಬ್ಬಕ್ಕೆ ಹುಡುಗರು ಮತ್ತೆ ಬಂದಿದ್ದರು. ಅಂಗಡಿಯಿಂದ ಎರಡು ಹೊಸ ಹಾಳೆ ತಂದು ಕೊಟ್ಟು ಕಳಿಸಿದೆ.