ಸ್ಕಾಟ್ಲೆಂಡಿನ ಹಳೆಯ ಲಿಂಕ್ಸ್ ಮೈದಾನಗಳಲ್ಲಿ ಒಂದು ವಾರ: ಗಾಲ್ಫ್ ಪ್ರವಾಸ ಯೋಜಿಸುವ ಬಗೆ

ಸ್ಕಾಟ್ಲೆಂಡಿನ ಲಿಂಕ್ಸ್‌ಗಳಲ್ಲಿ, ಅಂದರೆ ಕಡಲತೀರದ ಮರಳುನೆಲದ ಮೈದಾನಗಳಲ್ಲಿ, ಗಾಲ್ಫ್ ಆಡಲು ಹೊರಟವರು ಸಾಮಾನ್ಯವಾಗಿ ಮೊದಲು ರಜೆ ಹಾಕಿ, ವಿಮಾನದ ಟಿಕೆಟ್ ತೆಗೆದು, ಹೋಟೆಲ್ ಗೊತ್ತುಮಾಡಿ, ಕೊನೆಗೆ ಮೈದಾನಗಳ ಕಡೆ ನೋಡುತ್ತಾರೆ. ಹೀಗೆ ಹೋದರೆ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಕೈತಪ್ಪುವ ಸಾಧ್ಯತೆಯೇ ಹೆಚ್ಚು. ಓಲ್ಡ್ ಕೋರ್ಸ್‌ನ ಟೀ ಟೈಮ್, ಅಂದರೆ ಆಟ ಶುರು ಮಾಡಲು ಗೊತ್ತಾದ ಹೊತ್ತು, ಮೊದಲು ಗಟ್ಟಿಯಾಗಲಿ. ಅದರ ಹಿಂದೆ ಮುಂದೆ ಮಿಕ್ಕ ಮೈದಾನಗಳನ್ನು ಜೋಡಿಸಿ, ಆಮೇಲೆ ವಾಹನ, ವಸತಿ ನೋಡಿ. ವಿಮಾನದ ಟಿಕೆಟ್ ಎಲ್ಲಕ್ಕಿಂತ ಕೊನೆಗೆ. ಮುಂದಿನ ವರ್ಷದ ಮೇ ತಿಂಗಳಲ್ಲಿ ಆಡಬೇಕೆಂದರೆ ಈ ವರ್ಷದ ಏಪ್ರಿಲ್‌ನಲ್ಲೇ ಕೆಲಸ ಶುರುವಾಗಬೇಕು.

ತಿಂಗಳು ಯಾವುದು

ಮೇ ತಿಂಗಳ ನಡುವಿನಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಬೆಳಗ್ಗೆ ಒಂದು ಸುತ್ತು ಮುಗಿಸಿ, ಊಟ ಮಾಡಿ, ಸಂಜೆ ಐದಕ್ಕೆ ಇನ್ನೊಂದು ಸುತ್ತು ಶುರು ಮಾಡಿದರೂ ಕತ್ತಲೆಯ ಭಯವಿಲ್ಲ. ಆಗಸ್ಟ್‌ನಲ್ಲಿ ಎಡಿನ್‌ಬರೋದ ಕಲಾ ಉತ್ಸವಗಳಿಂದಾಗಿ ಹೋಟೆಲ್ ದರ ಏರಿರುತ್ತದೆ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಡನ್‌ಹಿಲ್ ಲಿಂಕ್ಸ್ ಪಂದ್ಯಾವಳಿ ಓಲ್ಡ್ ಕೋರ್ಸ್, ಕಾರ್ನೂಸ್ಟಿ, ಕಿಂಗ್ಸ್‌ಬಾರ್ನ್ಸ್ ಮೂರನ್ನೂ ಹಿಡಿದುಕೊಳ್ಳುತ್ತದೆ. 2027ರ ಜುಲೈನಲ್ಲಿ ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿಯಾದ ಓಪನ್ ಚಾಂಪಿಯನ್‌ಶಿಪ್ ನಡೆಯುವುದು ಸೇಂಟ್ ಆಂಡ್ರೂಸ್‌ನಲ್ಲೇ. ಆ ವರ್ಷ ಹೋಗುವವರು ಜೂನ್, ಜುಲೈ ಬಿಟ್ಟು ಸೆಪ್ಟೆಂಬರ್ ಹಿಡಿಯುವುದು ಒಳ್ಳೆಯದು. ಚಳಿಗಾಲದಲ್ಲಿ ಹಣ ಉಳಿಯುತ್ತದೆ ನಿಜ, ಆದರೆ ಹುಲ್ಲು ಹಾಳಾಗದಂತೆ ಓಲ್ಡ್ ಕೋರ್ಸ್‌ನ ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ಆಟದ ಹಾದಿಯಲ್ಲಿ) ಚೆಂಡನ್ನು ಸಣ್ಣ ಮ್ಯಾಟ್ ಮೇಲಿಟ್ಟು ಹೊಡೆಯಬೇಕಾಗುತ್ತದೆ. ಅಷ್ಟು ದೂರ ಹೋಗಿ ಮ್ಯಾಟ್ ಮೇಲೆ ಆಡುವುದು ಬೇಡ.

ಓಲ್ಡ್ ಕೋರ್ಸ್ ಸಿಗುವ ದಾರಿಗಳು

ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ. ಅದು ಸಾರ್ವಜನಿಕ ನೆಲ. 1974ರಿಂದ ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ಹಾಗಾಗಿ ಹಣ ಇದ್ದ ಮಾತ್ರಕ್ಕೆ ಬೇಕಾದ ದಿನ, ಬೇಕಾದ ಹೊತ್ತು ಸಿಗುವುದಿಲ್ಲ.

ಒಂದು ದಾರಿ, ಟ್ರಸ್ಟ್ ಮಾನ್ಯತೆ ಕೊಟ್ಟ ಪ್ರವಾಸ ಸಂಸ್ಥೆಯಿಂದ ಖಚಿತ ಟೀ ಟೈಮ್ ಇರುವ ಪ್ಯಾಕೇಜ್ ಕೊಳ್ಳುವುದು. ಹೋಟೆಲ್ ರಾತ್ರಿಗಳು, ಬೇರೆ ಮೈದಾನಗಳು ಎಲ್ಲವೂ ಅದಕ್ಕೆ ಅಂಟಿಕೊಂಡೇ ಬರುತ್ತವೆ, ಬೆಲೆಯೂ ಮೂಲ ಶುಲ್ಕಕ್ಕಿಂತ ಬಹಳ ಹೆಚ್ಚು. ಮೂಲ ಶುಲ್ಕವೇ ಬೇಸಿಗೆಯಲ್ಲಿ 300 ಪೌಂಡ್ ದಾಟಿದೆ. ಆದರೂ ಇಡೀ ಪ್ರವಾಸದಲ್ಲಿ ಐಷಾರಾಮಕ್ಕೆಂದು ಒಂದೇ ಕಡೆ ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. ಸಂಸ್ಥೆಯ ಹೆಸರು ಟ್ರಸ್ಟ್ ಪ್ರಕಟಿಸುವ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ಪಟ್ಟಿಯಲ್ಲಿ ಇಲ್ಲದವರು ಓಲ್ಡ್ ಕೋರ್ಸ್ ಕೊಡಿಸುತ್ತೇವೆ ಎಂದರೆ ಮುಂಗಡ ಕೊಡಬೇಡಿ.

ಎರಡನೆಯದು ಬ್ಯಾಲಟ್, ಅಂದರೆ ಚೀಟಿ ಎತ್ತುವುದು. ಕನಿಷ್ಠ ಇಬ್ಬರು ಸೇರಿ, ಆಡುವ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಡಬೇಕು. ಫಲಿತಾಂಶ ಅದೇ ಸಂಜೆ ಬರುತ್ತದೆ. ಭಾನುವಾರ ಮೈದಾನ ಮುಚ್ಚಿರುತ್ತದೆ, ಸೋಮವಾರದ ಆಟದ ಚೀಟಿ ಶನಿವಾರ ಎತ್ತಲಾಗುತ್ತದೆ. ಇದನ್ನು ನಂಬಿ ಹೋಗುವವರು ಊರಿನಲ್ಲಿ ಕನಿಷ್ಠ ನಾಲ್ಕು ದಿನ ಇರಬೇಕು, ಪ್ರತಿದಿನ ಹೆಸರು ಕೊಡಬೇಕು, ಸಿಕ್ಕ ದಿನ ಬೇರೆ ಕಾರ್ಯಕ್ರಮವನ್ನು ಬದಲಾಯಿಸಲು ತಯಾರಿರಬೇಕು. ಒಂಟಿಯಾಗಿ ಬಂದವರು ಹಿಂದಿನ ದಿನ ಸ್ವತಃ ಹೋಗಿ ಹೆಸರು ನೋಂದಾಯಿಸಿದರೆ, ಮೂವರಿರುವ ಗುಂಪಿನಲ್ಲಿ ಜಾಗ ಖಾಲಿ ಇದ್ದಾಗ ಅವಕಾಶ ಸಿಗಬಹುದು.

ಯಾವ ದಾರಿಯಲ್ಲಿ ಹೋದರೂ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕಿ) ಪ್ರಮಾಣಪತ್ರ ಬೇಕು. ನಿಮ್ಮ ಕ್ಲಬ್ಬಿನಿಂದ ಪಡೆದ ಇತ್ತೀಚಿನ ಪ್ರತಿಯನ್ನು ಮುದ್ರಿಸಿಕೊಂಡು ಹೋಗಿ. ಅದರಲ್ಲಿರುವ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಬಿಡಿಸಿ ಬರೆದಿರುವುದು ನಮ್ಮಲ್ಲಿ ಸಾಮಾನ್ಯ. ಊರಿನಲ್ಲೇ ಸರಿಪಡಿಸಿಕೊಂಡರೆ ಆಟಗಾರರನ್ನು ಸರದಿಯಂತೆ ಆಟಕ್ಕೆ ಬಿಡುವ ಸ್ಟಾರ್ಟರ್ ಮುಂದೆ ವಿವರಣೆ ಕೊಡುವುದು ತಪ್ಪುತ್ತದೆ.

ವಾರವನ್ನು ಜೋಡಿಸುವುದು

ಎರಡು ನಿಯಮಗಳು ಇಡೀ ವಾರದ ಆಕಾರವನ್ನು ನಿರ್ಧರಿಸುತ್ತವೆ. ಓಲ್ಡ್ ಕೋರ್ಸ್‌ಗೆ ಭಾನುವಾರ ರಜೆ. ಖಾಸಗಿ ಕ್ಲಬ್ಬಾದ ಮ್ಯೂರ್‌ಫೀಲ್ಡ್ ಹೊರಗಿನವರಿಗೆ ತೆರೆದಿರುವುದು ಮಂಗಳವಾರ ಮತ್ತು ಗುರುವಾರ. ಇವನ್ನು ಮುಂದಿಟ್ಟುಕೊಂಡರೆ ಪೂರ್ವ ಕರಾವಳಿಯ ಒಂದು ಒಳ್ಳೆಯ ವಾರ ಹೀಗೆ ಬರುತ್ತದೆ.

ಭಾನುವಾರ ಎಡಿನ್‌ಬರೋದಲ್ಲಿ ಇಳಿದು, ನೇರವಾಗಿ ಗಲನ್ ಅಥವಾ ನಾರ್ತ್ ಬೆರಿಕ್ ಊರಿಗೆ ಹೋಗಿ ಮೂರು ರಾತ್ರಿ ತಂಗಿ. ಸೋಮವಾರ ಮಸಲ್‌ಬರೋ ಓಲ್ಡ್ ಲಿಂಕ್ಸ್. ಕುದುರೆ ರೇಸ್ ಮೈದಾನದ ಒಳಗಿರುವ ಈ ಒಂಬತ್ತು ಹೋಲ್‌ಗಳಲ್ಲಿ 1672ರಲ್ಲೇ ಗಾಲ್ಫ್ ಆಡಿದ ದಾಖಲೆ ಇದೆ, 1874ರಿಂದ 1889ರ ನಡುವೆ ಆರು ಓಪನ್‌ಗಳೂ ನಡೆದಿವೆ. ಹಿಕರಿ ಮರದ ಹಿಡಿಕೆಯ ಹಳೆಯ ಕಾಲದ ಕೋಲುಗಳನ್ನು ಬಾಡಿಗೆಗೆ ಪಡೆದು ಆಡಬಹುದು. ಪ್ರಯಾಣದ ದಣಿವು, ಸಮಯದ ಏರುಪೇರು ಇರುವ ದಿನಕ್ಕೆ ಒಂಬತ್ತೇ ಹೋಲ್ ಹಿತ.

ಮಂಗಳವಾರ ಮ್ಯೂರ್‌ಫೀಲ್ಡ್. 1744ರಲ್ಲಿ ಲೀತ್‌ನಲ್ಲಿ ಗಾಲ್ಫ್‌ನ ಮೊದಲ ಹದಿಮೂರು ಲಿಖಿತ ನಿಯಮಗಳನ್ನು ಮಾಡಿದ ಸಂಸ್ಥೆ ಇದು, 1891ರಿಂದ ಈ ಜಾಗದಲ್ಲಿದೆ. ಮೊದಲ ಒಂಬತ್ತು ಹೋಲ್ ಹೊರಗಿನ ಸುತ್ತು, ಕೊನೆಯ ಒಂಬತ್ತು ಅದರ ಒಳಗೆ ಎದುರು ದಿಕ್ಕಿನ ಸುತ್ತು. ಹೀಗಾಗಿ ಗಾಳಿ ಒಂದೇ ಕಡೆಯಿಂದ ಹೆಚ್ಚು ಹೊತ್ತು ಸಿಗುವುದಿಲ್ಲ. ಬೆಳಗ್ಗೆ ನಾಲ್ವರೂ ತಮ್ಮ ತಮ್ಮ ಚೆಂಡು ಆಡಿ, ಊಟದ ನಂತರ ಇಬ್ಬರಿಗೆ ಒಂದೇ ಚೆಂಡಿನ ಫೋರ್ಸಮ್ಸ್ ಆಡುವುದು ಅಲ್ಲಿನ ರೂಢಿ. ಊಟದ ಕೋಣೆಗೆ ಗಂಡಸರಿಗೆ ಕೋಟು, ಟೈ ಕಡ್ಡಾಯ. ಬುಕಿಂಗ್ ಒಂದು ವರ್ಷಕ್ಕೂ ಮೊದಲೇ ಮುಗಿದುಹೋಗುವುದರಿಂದ ಓಲ್ಡ್ ಕೋರ್ಸ್‌ಗೆ ಅರ್ಜಿ ಹಾಕುವ ಹೊತ್ತಿಗೇ ಇದಕ್ಕೂ ಬರೆಯಿರಿ.

ಬುಧವಾರ ಬೆಳಗ್ಗೆ ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್. ಹದಿಮೂರನೇ ಹೋಲ್‌ನಲ್ಲಿ ಗ್ರೀನ್‌ಗೂ (ಕುಳಿಯ ಸುತ್ತಲಿನ ನುಣುಪು ಹುಲ್ಲುನೆಲ) ನಿಮಗೂ ನಡುವೆ ಕಲ್ಲಿನ ಗೋಡೆಯೇ ಅಡ್ಡ ನಿಂತಿದೆ. ಹದಿನೈದನೆಯ 'ರೆಡಾನ್' ಹೋಲ್‌ನ ಗ್ರೀನ್ ಓರೆಯಾಗಿ ಹಿಂದಕ್ಕೆ ಇಳಿಯುತ್ತದೆ. ಅದರ ನಕಲು ಜಗತ್ತಿನ ನೂರಾರು ಮೈದಾನಗಳಲ್ಲಿ ಇದೆ. ಮಧ್ಯಾಹ್ನ ಸೇಂಟ್ ಆಂಡ್ರೂಸ್‌ಗೆ ಹೊರಡಿ, ರಸ್ತೆಯಲ್ಲಿ ಸುಮಾರು ಎರಡು ಗಂಟೆ. ಸೇಂಟ್ ಆಂಡ್ರೂಸ್‌ಗೆ ರೈಲು ನಿಲ್ದಾಣವಿಲ್ಲ, ಹತ್ತಿರದ್ದು ಲೂಕರ್ಸ್.

ಗುರುವಾರ ಟೇ ನದಿಯ ಸೇತುವೆ ದಾಟಿ ಕಾರ್ನೂಸ್ಟಿ. ಮುಕ್ಕಾಲು ಗಂಟೆಯ ದಾರಿ. 1999ರ ಓಪನ್‌ನಲ್ಲಿ ಫ್ರಾನ್ಸಿನ ವಾನ್ ಡ ವೆಲ್ಡ್ ಕೊನೆಯ ಹೋಲ್‌ನಲ್ಲಿ ಆರು ಹೊಡೆದಿದ್ದರೂ ಗೆಲ್ಲುತ್ತಿದ್ದರು. ಬ್ಯಾರಿ ಬರ್ನ್ ತೊರೆಗೆ ಸಿಕ್ಕಿ ಏಳಾಗಿ ಆಟ ಸಮವಾಯಿತು, ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು. ಅದೇ ತೊರೆ ನಿಮ್ಮ ದಾರಿಗೂ ಅಡ್ಡ ಬರುತ್ತದೆ.

ಶುಕ್ರವಾರ ಓಲ್ಡ್ ಕೋರ್ಸ್. ಶನಿವಾರವನ್ನು ಖಾಲಿ ಬಿಡಿ. ಮೈ ಸುಸ್ತಾಗಿರದಿದ್ದರೆ ಪಕ್ಕದಲ್ಲೇ 1895ರ ನ್ಯೂ ಕೋರ್ಸ್ ಇದೆ, ಆಟ ಅಷ್ಟೇ ಗಟ್ಟಿ, ಶುಲ್ಕ ಕಡಿಮೆ.

ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್ ಬಿಡಲು ಮನಸ್ಸಾಗದವರಿಗೆ ಇನ್ನೂ ಎರಡು ರಾತ್ರಿ ಬೇಕು. 1860ರಲ್ಲಿ ಎಂಟು ಜನ ಹನ್ನೆರಡು ಹೋಲ್‌ಗಳನ್ನು ಮೂರು ಸುತ್ತು ಆಡಿ ಮೊದಲ ಓಪನ್ ನಡೆದದ್ದು ಅಲ್ಲಿ. ಉತ್ತರದ ರಾಯಲ್ ಡಾರ್ನಾಕ್ ಅತ್ಯಂತ ಸುಂದರ, ಆದರೆ ಸೇಂಟ್ ಆಂಡ್ರೂಸ್‌ನಿಂದ ನಾಲ್ಕು ಗಂಟೆಯ ದಾರಿ. ಒಂದೇ ವಾರದಲ್ಲಿ ಪೂರ್ವ, ಪಶ್ಚಿಮ, ಉತ್ತರ ಮೂರನ್ನೂ ತುರುಕುವ ಪ್ಯಾಕೇಜ್‌ಗಳನ್ನು ತೆಗೆದುಕೊಳ್ಳಬೇಡಿ. ಅರ್ಧ ರಜೆ ವ್ಯಾನಿನಲ್ಲೇ ಕಳೆದುಹೋಗುತ್ತದೆ.

ಪ್ರವಾಸ ಸಂಸ್ಥೆಯ ಜೊತೆ ಮಾತು

ದರಪಟ್ಟಿ ಬಂದಾಗ ಪ್ರತಿ ಸುತ್ತಿನ ಎದುರು 'ಖಚಿತ' ಎಂದಿದೆಯೋ 'ಕೋರಿಕೆ ಸಲ್ಲಿಸಲಾಗಿದೆ' ಎಂದಿದೆಯೋ ನೋಡಿ. ಎರಡನೆಯದಾದರೆ ಸಿಗದಿದ್ದಾಗ ಏನು ಕೊಡುತ್ತಾರೆ, ಎಷ್ಟು ಹಣ ವಾಪಸ್ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬ್ಯಾಗ್ ಹೊತ್ತು, ಎಲ್ಲಿಗೆ ಹೊಡೆಯಬೇಕೆಂದು ಹೇಳುವ ಕ್ಯಾಡಿಯ ವಿಷಯದಲ್ಲೂ ಇದೇ ಪ್ರಶ್ನೆ ಕೇಳಿ. ಮಳೆ, ಗಾಳಿಗೆ ಹಣ ವಾಪಸ್ ಬರುವುದಿಲ್ಲ. ಮೈದಾನವನ್ನೇ ಮುಚ್ಚಿದರೆ ಮಾತ್ರ ಬರಬಹುದು.

ವಾಹನದ ಅಳತೆ ಬಹಳ ಕಡೆ ತಪ್ಪುತ್ತದೆ. ಏಳು ಸೀಟಿನ ವ್ಯಾನ್ ಎಂದರೆ ನಾಲ್ವರು ಆಟಗಾರರು, ನಾಲ್ಕು ಗಾಲ್ಫ್ ಬ್ಯಾಗ್, ನಾಲ್ಕು ಸೂಟ್‌ಕೇಸ್, ಅಷ್ಟಕ್ಕೆ ತುಂಬಿತು. ಎಂಟು ಜನರಿಗೆ ಹದಿನಾರು ಸೀಟಿನದು ಬೇಕು. ಚಾಲಕರೇ ಮಾರ್ಗದರ್ಶಕರೂ ಆಗಿದ್ದರೆ ಸಂಜೆ ಊಟಕ್ಕೆ ಕರೆದೊಯ್ಯುತ್ತಾರೆಯೇ, ದಿನಕ್ಕೆ ಎಷ್ಟು ಗಂಟೆಯ ಕೆಲಸ ಎಂದು ಕೇಳಿಕೊಳ್ಳಿ. ಸಸ್ಯಾಹಾರಿಗಳಿದ್ದರೆ ಪ್ರತಿ ಕ್ಲಬ್ಬಿಗೂ ಮೊದಲೇ ಬರೆಸಿ, ತರಕಾರಿ ಸೂಪ್ ಅನ್ನು ಮಾಂಸದ ಸ್ಟಾಕ್‌ನಲ್ಲಿ ಮಾಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ಸಂದರ್ಶಕ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲು ಬರುವುದಿಲ್ಲ, ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ, ಬೆರಳಚ್ಚು ಕೊಡಲು ಬೆಂಗಳೂರಿನಲ್ಲೇ ಕೇಂದ್ರವಿದೆ. ಮೂರು ತಿಂಗಳು ತುಂಬುವ ವಾರವೇ ಹಾಕಿಬಿಡಿ.

ಬ್ಯಾಗು, ಬಟ್ಟೆ, ಕಾಲು

ಲಿಂಕ್ಸ್‌ನಲ್ಲಿ ಬಗ್ಗಿ (ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿ) ಸಿಗುವುದು ಅಪರೂಪ. ಓಲ್ಡ್ ಕೋರ್ಸ್‌ನಲ್ಲಿ ವೈದ್ಯಕೀಯ ಕಾರಣ ತೋರಿಸಬೇಕು. ಒಂದು ಸುತ್ತೆಂದರೆ ಏರುತಗ್ಗಿನ ನೆಲದಲ್ಲಿ ಸುಮಾರು ಹತ್ತು ಕಿಲೋಮೀಟರ್ ನಡಿಗೆ. ಹೊರಡುವ ಎರಡು ತಿಂಗಳು ಮೊದಲಿಂದ, ವಾರಕ್ಕೆ ಮೂರು ದಿನ ಎರಡು ಗಂಟೆ ನಡೆಯಿರಿ, ಆಡಲಿರುವ ಬೂಟನ್ನೇ ಹಾಕಿಕೊಂಡು.

ದೊಡ್ಡ ಟೂರ್ ಬ್ಯಾಗ್ ಬೇಡ. ಕ್ಯಾಡಿ ಅದನ್ನು ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಹೆಗಲ ಮೇಲೆ ಹೊರಬೇಕು. ಹಗುರವಾದ ಸ್ಟ್ಯಾಂಡ್ ಬ್ಯಾಗ್ ತನ್ನಿ. ವಿಮಾನಕ್ಕೆ ಹಾಕುವಾಗ ಡ್ರೈವರ್ ಎಂಬ ಉದ್ದ ಕೋಲಿನ ತಲೆ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ, ಮಿಕ್ಕ ಕೋಲುಗಳಿಗಿಂತ ಎತ್ತರದ ಊರುಗೋಲೊಂದನ್ನು ಕವರಿನ ನಡುವೆ ನಿಲ್ಲಿಸಿ. ಬ್ಯಾಗ್ ತಲೆಕೆಳಗಾಗಿ ಬಿದ್ದರೂ ಪೆಟ್ಟು ಅದಕ್ಕೇ ತಗಲುತ್ತದೆ.

ಜೂನ್‌ನಲ್ಲೂ ಹಗಲಿನ ಉಷ್ಣತೆ 15ರಿಂದ 18 ಡಿಗ್ರಿ, ಗಾಳಿಯಲ್ಲಿ ಇನ್ನೂ ಚಳಿ ಅನ್ನಿಸುತ್ತದೆ. ಸಮುದ್ರದ ಕಡೆಯಿಂದ 'ಹಾರ್' ಎಂಬ ಮಂಜು ನುಗ್ಗಿದರೆ ಬಿಸಿಲಿದ್ದ ಮೈದಾನ ಹತ್ತೇ ನಿಮಿಷದಲ್ಲಿ ಮಸುಕಾಗಬಹುದು. ದಪ್ಪ ಜಾಕೆಟ್ ಒಂದರ ಬದಲು ತೆಳುವಾದ ಮೂರು ಪದರ, ನಿಜವಾಗಿ ನೀರು ತಡೆಯುವ ಮಳೆಕೋಟು ಪ್ಯಾಂಟಿನ ಸಮೇತ, ಎರಡು ಜೊತೆ ಬೂಟು, ಉಣ್ಣೆಯ ಟೋಪಿ, ಒಂದು ಜೊತೆ ಮಳೆ ಗ್ಲೌಸ್. ಈ ಗ್ಲೌಸ್ ಒದ್ದೆಯಾದಾಗಲೇ ಚೆನ್ನಾಗಿ ಹಿಡಿಯುತ್ತದೆ. ಕೊಡೆ ಗಾಳಿಗೆ ನಿಲ್ಲುವುದಿಲ್ಲ.

ಆಟ ಬದಲಾಗಬೇಕಾದ ಕಡೆ

ಬೆಂಗಳೂರಿನ ಮೈದಾನಗಳಲ್ಲಿ ಎತ್ತರಕ್ಕೆ ಹೊಡೆದು ಗ್ರೀನ್ ಮೇಲೆ ಇಳಿಸಿ ನಿಲ್ಲಿಸುವುದು ಅಭ್ಯಾಸ. ಲಿಂಕ್ಸ್ ಎಂದರೆ ಕಡಲಿಗೂ ಹೊಲಗಳಿಗೂ ನಡುವಿನ ಮರಳುನೆಲ. ನೀರು ನಿಲ್ಲುವುದಿಲ್ಲ, ಫೆಸ್ಕ್ಯೂ ಹುಲ್ಲು ತೆಳು, ನೆಲ ಗಟ್ಟಿ. ಎತ್ತರದ ಚೆಂಡನ್ನು ಗಾಳಿ ಎಳೆದೊಯ್ಯುತ್ತದೆ, ಉಳಿದದ್ದು ಪುಟಿದು ಗ್ರೀನ್ ದಾಟುತ್ತದೆ. ಊರಿನಲ್ಲಿರುವಾಗಲೇ ಎರಡು ಹೊಡೆತ ರೂಢಿಸಿಕೊಳ್ಳಿ. ಗ್ರೀನ್‌ನಿಂದ 30 ಗಜ ದೂರದಲ್ಲಿ ಚೆಂಡನ್ನು ಬಲಗಾಲಿನ ಕಡೆ ಇಟ್ಟುಕೊಂಡು 7 ಐರನ್ ಕೋಲಿನಿಂದ ಉರುಳಿಸುವುದು ಒಂದು. ಒಂದೆರಡು ಕೋಲು ದೊಡ್ಡದು ಹಿಡಿದು ಮುಕ್ಕಾಲು ಸ್ವಿಂಗ್‌ನಲ್ಲಿ ತಗ್ಗಾಗಿ ಹೊಡೆಯುವುದು ಇನ್ನೊಂದು. ಎದುರುಗಾಳಿಗೆ ಬಲವಾಗಿ ಹೊಡೆದರೆ ಸ್ಪಿನ್ ಹೆಚ್ಚಿ ಚೆಂಡು ಇನ್ನೂ ಮೇಲೇರುತ್ತದೆ. ಗ್ರೀನ್‌ನ ಹೊರಗೆ 20 ಗಜದಿಂದಲೂ ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲು) ಬಳಸಲು ಹಿಂಜರಿಯಬೇಡಿ. ಬೌನ್ಸ್, ಅಂದರೆ ತಳದ ಉಬ್ಬು, ಹೆಚ್ಚಿರುವ ವೆಜ್ ಕೋಲು ಗಟ್ಟಿ ನೆಲಕ್ಕೆ ತಾಗಿ ಚೆಂಡಿನ ತಲೆಗೆ ಹೊಡೆಯುತ್ತದೆ, ಕಡಿಮೆ ಬೌನ್ಸ್‌ನದು ಒಂದಿರಲಿ.

ಬಂಕರ್‌ಗಳ (ಮರಳುಗುಂಡಿಗಳ) ಗೋಡೆಯನ್ನು ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಕಟ್ಟಿರುತ್ತಾರೆ. ಚೆಂಡು ಗೋಡೆಗೆ ಹತ್ತಿರವಿದ್ದರೆ ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಬನ್ನಿ.

ಓಲ್ಡ್ ಕೋರ್ಸ್‌ನ ಹದಿನೇಳನೆಯ ರೋಡ್ ಹೋಲ್‌ಗೆ ಈ ಲೆಕ್ಕ ಇನ್ನೂ ಬಿಗಿ. ಮೊದಲ ಹೊಡೆತ ಹೋಟೆಲ್ ಬದಿಯ ಶೆಡ್‌ಗಳ ಮೂಲೆಯ ಮೇಲಿಂದ ಹೋಗಬೇಕು. ಗ್ರೀನ್ ಕಿರಿದು, ಓರೆ. ಮುಂದೆ ಎಡಕ್ಕೆ ಆಳವಾದ ಬಂಕರ್, ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಎರಡನೇ ಹೊಡೆತದಲ್ಲಿ ಗ್ರೀನ್ ಮುಟ್ಟಲು ಹೋದವರೇ ಏಳು, ಎಂಟು ಬರೆದುಕೊಳ್ಳುವುದು. ಗ್ರೀನ್‌ನ ಮುಂದೆ, ಬಲಕ್ಕೆ ಚೆಂಡು ನಿಲ್ಲಿಸಿ, ಅಲ್ಲಿಂದ ಪಟರ್‌ನಲ್ಲಿ ಮೇಲಕ್ಕೆ ಉರುಳಿಸಿ. ಐದು ಬಂದರೆ ಒಳ್ಳೆಯ ಸ್ಕೋರ್.

ಕ್ಯಾಡಿಯ ಮಾತು ಕೇಳುವುದು ಈ ಮೈದಾನದಲ್ಲಿ ಬೇರೆಲ್ಲಕ್ಕಿಂತ ಮುಖ್ಯ. ಏಳು ಗ್ರೀನ್‌ಗಳನ್ನು ಎರಡೆರಡು ಹೋಲ್‌ಗಳು ಹಂಚಿಕೊಂಡಿವೆ, ಎಷ್ಟೋ ಬಂಕರ್‌ಗಳು ಮೊದಲ ಹೊಡೆತದ ಜಾಗವಾದ ಟೀಯಿಂದ ಕಾಣುವುದೇ ಇಲ್ಲ. ಮೊದಲ ಹೋಲ್‌ನಲ್ಲೇ ನಿಮ್ಮ 7 ಐರನ್ ನಿಜವಾಗಿ ಎಷ್ಟು ದೂರ ಹೋಗುತ್ತದೆ ಎಂದು ಹೇಳಿಬಿಡಿ. ದೊಡ್ಡದಾಗಿ ಹೇಳಿದರೆ ಅವರು ಕೊಡುವ ಪ್ರತಿ ಕೋಲೂ ಗಿಡ್ಡವಾಗುತ್ತದೆ. ಅವರು ತೋರಿಸಿದ ಗುರಿ ಅಚ್ಚರಿಯಷ್ಟು ಎಡಕ್ಕಿದ್ದರೂ ಅಲ್ಲಿಗೇ ಹೊಡೆಯಿರಿ, ಇಲ್ಲಿ ಎಡಗಡೆಯೇ ಹೆಚ್ಚು ಸುರಕ್ಷಿತ. ಶುಲ್ಕ ಮತ್ತು ಮೇಲಿನ ಟಿಪ್ ಎರಡನ್ನೂ ಹದಿನೆಂಟನೆಯ ಹೋಲ್ ಮುಗಿದ ಮೇಲೆ ನಗದಾಗಿ ಕೊಡುವುದು ವಾಡಿಕೆ, ಪ್ರತಿ ಸುತ್ತಿಗೆ ಬೇಕಾದ ಪೌಂಡ್ ನೋಟುಗಳನ್ನು ಬೇರೆ ಬೇರೆ ಲಕೋಟೆಯಲ್ಲಿ ಇಟ್ಟುಕೊಂಡು ಹೋಗಿ.