ಹಳೆ ಅಂಬಾಸಿಡರ್ ಪೆಟ್ರೋಲ್ ಗಾಡಿ ಇರೋರಿಗೆ: ಟೈಮಿಂಗ್ ಮಾರ್ಕ್ ನೋಡೋದು ಹೇಗೆ

ಗಾಡಿ ಏರಲ್ಲಿ ಎಳೀತಿಲ್ಲ, ಕಟಕಟ ಸದ್ದು ಬರ್ತಿದೆ ಅಂದ್ರೆ ಕಾರ್ಬೊರೇಟರ್ ಬಿಚ್ಚೋಕೆ ಮುಂಚೆ ಟೈಮಿಂಗ್, ಅಂದ್ರೆ ಪ್ಲಗ್ ಕಿಡಿ ಸರಿಯಾದ ಹೊತ್ತಿಗೆ ಬೀಳ್ತಿದೆಯಾ ಅಂತ ನೋಡ್ಬಿಡಿ. ಅದಕ್ಕೂ ಮೊದ್ಲು ಪಾಯಿಂಟ್ ಗ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟುಗಳು ಬಿಟ್ಟಾಗ ಇರೋ ಸಂದು) ಸರಿ ಮಾಡ್ಕೊಳ್ಳಿ, ಯಾಕಂದ್ರೆ ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ, ಆಮೇಲೆ ಮಾಡಿದ್ರೆ ಎರಡೆರಡು ಸಲ ಕೆಲಸ.

ಮಾರ್ಕ್ ಇರೋದು ಇಂಜಿನ್ ಮುಂದೆ ಕೆಳಗಡೆ ಫ್ಯಾನ್ ಬೆಲ್ಟ್ ಸುತ್ತಿರೋ ಕ್ರ್ಯಾಂಕ್ ಪುಲ್ಲಿ ಅಂಚಲ್ಲಿ, ಒಂದು ಸಣ್ಣ ಕಚ್ಚು ಅಷ್ಟೇ. ಅದರ ಎದುರಿಗೆ ಟೈಮಿಂಗ್ ಕವರ್ ಮೇಲೆ ಹಲ್ಲಿನ ಥರ ಚೂಪಾದ ಮುಳ್ಳುಗಳಿವೆ. ಗ್ರೀಸು ಧೂಳು ಸೇರಿ ಕಪ್ಪಗೆ ಗಟ್ಟಿಯಾಗಿರುತ್ತೆ, ಸೀಮೆಎಣ್ಣೆ ಹಾಕಿ ಹಳೆ ಟೂತ್ ಬ್ರಷ್ಷಲ್ಲಿ ಉಜ್ಜಿ, ಕಚ್ಚಿಗೆ ಚಾಕ್‌ಪೀಸಲ್ಲಿ ಬಿಳಿ ಗೆರೆ ಎಳೀರಿ, ಇಲ್ಲಾಂದ್ರೆ ಲೈಟ್ ಹೊಡೆದಾಗ ಏನೂ ಕಾಣಲ್ಲ.

ಇಂಜಿನ್ ಚೆನ್ನಾಗಿ ಬಿಸಿಯಾದ್ಮೇಲೆ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿಂಚೋ ಲೈಟು) ಕ್ಲಿಪ್ಪನ್ನ ಒಂದನೇ ಸಿಲಿಂಡರ್ ಅಂದ್ರೆ ರೇಡಿಯೇಟರ್ ಕಡೆ ಪ್ಲಗ್ ವೈರಿಗೆ ಹಾಕಿ, ಡಿಸ್ಟ್ರಿಬ್ಯೂಟರಿಗೆ ಬರೋ ವ್ಯಾಕ್ಯೂಮ್ ಪೈಪ್ ಬಿಚ್ಚಿ ಪೈಪಿನ ಬಾಯಿ ಮುಚ್ಚಿ, ಐಡಲಲ್ಲಿ ಪುಲ್ಲಿಗೆ ಲೈಟ್ ಹಿಡೀರಿ, ಬಿಳಿ ಗೆರೆ ನಿಂತ ಹಾಗೆ ಕಾಣುತ್ತೆ. ಗೆರೆ ಯಾವ ಮುಳ್ಳಿಗೆ ಹೊಂದಬೇಕು, ಅಂದ್ರೆ ಎಷ್ಟು ಡಿಗ್ರಿ ಅನ್ನೋದು ನಿಮ್ಮ ಗಾಡಿ ಮ್ಯಾನುಯಲ್‌ನಲ್ಲಿರೋದೇ ಲೆಕ್ಕ, ಪಕ್ಕದ ಗಾಡಿದು ಬೇಡ. ಹೊಂದದಿದ್ರೆ ಡಿಸ್ಟ್ರಿಬ್ಯೂಟರ್ ಕ್ಲ್ಯಾಂಪ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ಕೂದಲೆಳೆಯಷ್ಟು ತಿರುಗಿಸಿ. ಒಳಗಿನ ರೋಟರ್ ಸುತ್ತೋ ದಿಕ್ಕಿಗೆ ಎದುರಾಗಿ ತಿರುಗಿಸಿದ್ರೆ ಅಡ್ವಾನ್ಸ್ (ಕಿಡಿ ಬೇಗ), ಅದೇ ದಿಕ್ಕಿಗಾದ್ರೆ ರಿಟಾರ್ಡ್ (ಕಿಡಿ ತಡ). ಬೋಲ್ಟ್ ಬಿಗಿ ಮಾಡಿದ್ಮೇಲೆ ಇನ್ನೊಂದ್ಸಲ ಲೈಟ್ ಹಿಡಿದು ನೋಡ್ಲೇಬೇಕು, ಬಿಗಿ ಮಾಡುವಾಗ್ಲೇ ಜರುಗಿರುತ್ತೆ.

ದಯವಿಟ್ಟು ಉದ್ದ ತೋಳಿನ ಶರ್ಟು, ಟವೆಲ್ಲು ಹಾಕ್ಕೊಂಡು ಬಗ್ಗಬೇಡಿ. ಆ ಲೈಟಲ್ಲಿ ಫ್ಯಾನೂ ನಿಂತ ಹಾಗೇ ಕಾಣುತ್ತೆ, ಕೈ ಹಾಕ್ಬಿಡ್ತೀರ.